ಕಾಕಾನ ರೈಫಲ್ಲಿಗೆ ಹಚ್ಚಿದ ಕುಂಕುಮ

ತಪ್ಪು ನನ್ನದೇ. ಕಾಕಾ ಬಂದೂಕುಗಳ ಸೇಫ್‌ನ ಕೀಲಿಯನ್ನು ಅದರ ಬಾಗಿಲಲ್ಲೇ ಬಿಟ್ಟು ಕರ್ಪೂರ ತರಲು ಅಡುಗೆಮನೆಗೆ ಹೋದ ಎರಡು ನಿಮಿಷದಲ್ಲಿ, ಅವರ ನೂರು ವರ್ಷ ದಾಟಿದ ರೈಫಲ್ಲನ್ನು ಎತ್ತಿಕೊಂಡು ಅವರದೇ ದನಿಯಲ್ಲಿ ಅವರದೇ ಭಾಷಣ ಶುರುಮಾಡಿದವನು ನಾನು.

ಆಯುಧಪೂಜೆಗೆಂದು ನಾನಿರುವ ಟಾರ್ನೀಟ್‌ನಿಂದ ಸಿಡ್ನಿಗೆ, ಪ್ಯಾರಮಟ್ಟಾದ ಕಾಕಾನ ಮನೆಗೆ ಬಂದಿದ್ದೆ. ಬಂಧುಬಳಗದವರ ದನಿಯನ್ನೆಲ್ಲ ತೆಗೆಯುವ ನನಗೆ ಅವರ ಭಾಷಣ ಬಾಯಿಪಾಠ. ಸಂಗ್ರಾಹಕರ ಲೈಸೆನ್ಸ್ ಇದ್ದರೆ ಹಳೆಯ ಬಂದೂಕುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಪ್ರದರ್ಶನಕ್ಕೂ ಒಯ್ಯಬಹುದು. ಆದರೆ ಹಾರಿಸುವಂತಿಲ್ಲ, ಟ್ರಿಗರ್‌ಗೆ ಲಾಕ್ ಇರಬೇಕು, ಸಂಗ್ರಾಹಕರ ಸಂಘದ ಸಭೆಗೆ ಹೋಗುತ್ತಿರಬೇಕು, ಲೈಸೆನ್ಸ್ ಇಲ್ಲದವರ ಕೈಗೆ ಕೀಲಿ ಸಿಗಲೇಬಾರದು. ಆ ಕೊನೆಯ ನಿಯಮವನ್ನು ಅಣಕಿಸುತ್ತ ಅಣಕಿಸುತ್ತಲೇ ಮುರಿದೆ. ಅಷ್ಟಕ್ಕೇ ಬಿಡದೆ ಮರದ ಹಿಡಿಗೆ ಕುಂಕುಮ ಹಚ್ಚಿದೆ. ಮರಕ್ಕೆ ಕಲೆಯಾಗುತ್ತದೆಂದು ಕಾಕಾ ಕುಂಕುಮ ಹಚ್ಚುವುದು ಸೇಫ್‌ನ ಬಾಗಿಲಿಗೆ ಮಾತ್ರ.

ಅಷ್ಟರಲ್ಲಿ ಬೆಲ್ ಆಯಿತು. ರೈಫಲ್ಲನ್ನು ಹಾಗೇ ಒಳಗಿಟ್ಟೆ. ತಪಾಸಣೆಗೆ ಅಂದು ಬರುತ್ತೇನೆಂದು ಮೊದಲೇ ತಿಳಿಸಿದ್ದ ಪೊಲೀಸ್ ಅಧಿಕಾರಿ, ಹೇಳಿದ್ದಕ್ಕಿಂತ ಒಂದು ಗಂಟೆ ಮುಂಚೆ ಬಂದಿದ್ದರು. ಆಕೆ ಒಂದೊಂದೇ ಬಂದೂಕು ತೆಗೆದು ನಂಬರ್ ನೋಡುತ್ತಾ ಬಂದರು. ಮರದ ಮೇಲೆ ಕೆಂಪು ಬೆರಳಚ್ಚು ಕಂಡು, ಇದು ಯಾರದು ಎಂದು ಕೇಳಿದರು.

ನನ್ನ ಬಲಗೈ ತಾನಾಗಿ ಜೇಬಿಗಿಳಿಯಿತು. ಕಾಕಾ ತಮ್ಮ ಬೆರಳು ನೋಡಿಕೊಂಡರು. ಆಮೇಲೆ ನನ್ನ ಜೇಬು ನೋಡಿದರು. ಅವರು ಮೂವತ್ತು ವರ್ಷ ಕೂಡಿಟ್ಟದ್ದೆಲ್ಲ ಪೊಲೀಸ್ ವ್ಯಾನ್ ಹತ್ತುವುದು ನನ್ನ ಕಣ್ಣಿಗೆ ಕಟ್ಟಿತು. ಕೈ ಹೊರತೆಗೆದು ಕೆಂಪು ಬೆರಳು ತೋರಿಸಿದೆ. ಕೀಲಿ ಬಿಟ್ಟುಹೋದದ್ದು ತಮ್ಮ ತಪ್ಪೆಂದು ಕಾಕಾ ಹೇಳಿದರು. ಆಕೆ ಎರಡನ್ನೂ ಬರೆದುಕೊಂಡು, ಲೈಸೆನ್ಸ್ ಉಳಿಯುತ್ತದೋ ಇಲ್ಲವೋ ಪತ್ರದಲ್ಲಿ ತಿಳಿಸುತ್ತೇವೆ ಎಂದು ಹೊರಟರು.

ಟಾರ್ನೀಟ್‌ಗೆ ಮರಳಿದ ಮೇಲೆ ಮೂರು ವಾರ, ಫೋನ್ ರಿಂಗಾದಾಗಲೆಲ್ಲ ಊಟ ಬಿಟ್ಟು ಓಡುತ್ತಿದ್ದೆ. ಕೊನೆಗೆ ಕಾಕಾನ ಫೋನ್ ಬಂತು: ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ, ಲೈಸೆನ್ಸ್ ಉಳಿದಿದೆ. ಕೇಳಿದ್ದೇ ತಡ, ನನ್ನ ನಾಲಿಗೆಗೆ ಜೀವ ಬಂತು. ಅವರದೇ ದನಿ ತೆಗೆದು ಕೇಳಿದೆ, "ಹಂಗಾರ ಮುಂದಿನ ವರ್ಷ ಆಯುಧಪೂಜಾಕ್ಕ ಬರಲೇನ್ರಿ?"

"ಬಾ. ನಿನ್ನ ಬಾಯಿಗೇ ಪೂಜಾ ಮಾಡೂಣು. ನಮ್ಮ ಮನಿತನದಾಗ ಲೈಸೆನ್ಸ್ ಇಲ್ಲದ್ದು, ಲಾಕ್ ಇಲ್ಲದ್ದು ಅದೊಂದ ಐತಿ."