ಅಂಚಿನಲ್ಲಿ ಬರೆದ ಏಳು ಹೆಸರು

ಮಗಳು ಉಗುರಿಗೆ ಬಣ್ಣ ಹಚ್ಚಲು ಕೂತರೆ ನಾನು ಕೈಲಿದ್ದ ಕೆಲಸ ಬಿಟ್ಟು ಬಂದು ಅವಳ ಪಕ್ಕ ಕೂರುತ್ತೇನೆ. ಬೈಯಲು ಬಂದೆನೆಂದು ಅವಳು ಮೊದಮೊದಲು ಹೆದರುತ್ತಿದ್ದಳು. ನಾನು ಬರುವುದು ಆ ವಾಸನೆಗೆ. ಪ್ರತಿ ತೆಗೆಯಲು ಟೈಪ್ ಮಾಡುವ ಸ್ಟೆನ್ಸಿಲ್ ಎಂಬ ಮೇಣದ ಹಾಳೆಯ ಮೇಲಿನ ತಪ್ಪು ತಿದ್ದಲು ನಾವು ಹಚ್ಚುತ್ತಿದ್ದ ಕೆಂಪು ದ್ರಾವಣಕ್ಕೂ ಇದೇ ವಾಸನೆ ಇತ್ತು. ಬೆರಳಷ್ಟು ದೊಡ್ಡ ಸೀಸೆ, ಮುಚ್ಚಳಕ್ಕೇ ಅಂಟಿಕೊಂಡ ಕುಂಚ. ತಪ್ಪಿದ ಅಕ್ಷರದ ಮೇಲೆ ಒಂದು ಹನಿ ಹಚ್ಚಿ, ಆರುವವರೆಗೆ ಊದಿ, ಅದರ ಮೇಲೆ ಸರಿಯಾದ ಅಕ್ಷರ ಕುಟ್ಟಬೇಕು. ಇದನ್ನೆಲ್ಲ ಹೇಳಿದರೆ ಈಗಿನವರು ನನ್ನನ್ನು ತಾಳೆಗರಿ ಕಾಲದವಳು ಅಂದುಕೊಳ್ಳುತ್ತಾರೆ. ಅಷ್ಟೇನೂ ಹಳೆಯದಲ್ಲ, ತೊಂಬತ್ತರ ದಶಕದ ನಡುವಿನ ಮಾತು. ನಿಮ್ಮಲ್ಲೂ ಕೆಲವರ ಮೂಗಿನಲ್ಲಿ ಆ ವಾಸನೆ ಇನ್ನೂ ಉಳಿದಿರಬಹುದು.

ನಂಜನಗೂಡಿನಲ್ಲಿ ನಮ್ಮ ಬೀದಿಯ ಕೊನೆಗೆ ಮೇಡಂ ಮನೆ. ಮುಂದಿನ ಹಜಾರದಲ್ಲಿ ಆರು ಟೈಪ್‌ರೈಟರ್, ಅವುಗಳಲ್ಲಿ ಎರಡು ಕನ್ನಡದವು. ಬೆಳಗಿನಿಂದ ಸಂಜೆಯವರೆಗೆ ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಸದ್ದು. ಗಂಡ ತೀರಿಕೊಂಡ ಮೇಲೆ ಮೇಡಂ ವಯಸ್ಸಾದ ಮಾವನನ್ನು ಜೊತೆಗಿಟ್ಟುಕೊಂಡು ಆ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಮಾವನನ್ನು ನಾವೆಲ್ಲ ತಾತ ಎನ್ನುತ್ತಿದ್ದೆವು. ಹಿತ್ತಿಲಲ್ಲಿ ರಸಬಾಳೆಯ ಎರಡು ಬುಡ ಇದ್ದವು. ಗೊನೆ ಹಣ್ಣಾಗಲು ಬಿಟ್ಟ ದಿನಗಳಲ್ಲಿ ಮಸಿಯ ವಾಸನೆಗೂ ಹಣ್ಣಿನ ವಾಸನೆಗೂ ಹಜಾರದಲ್ಲೇ ಜಗಳ. ನಾನು ಪಿಯುಸಿಗೆ ಸೇರಿದ ವರ್ಷ ಕನ್ನಡ ಟೈಪಿಂಗ್ ಕಲಿಯಲು ಅಲ್ಲಿಗೆ ಹೋದವಳು ಆಮೇಲೆ ಮಲಗಲಷ್ಟೇ ನಮ್ಮ ಮನೆಗೆ ಹೋಗುತ್ತಿದ್ದೆ ಎಂದು ನಮ್ಮಮ್ಮ ಈಗಲೂ ದೂರುತ್ತಾರೆ.

ಅದೇ ಹಜಾರದಲ್ಲಿ ನಾವೊಂದು ಪತ್ರಿಕೆ ಹೊರಡಿಸುತ್ತಿದ್ದೆವು, ಹೆಸರು 'ಎಳೆಬಿಸಿಲು'. ಎಂಟು ಪುಟ, ಎಂಬತ್ತು ಪ್ರತಿ, ಮೂರು ತಿಂಗಳಿಗೊಮ್ಮೆ. ಮಾಡುತ್ತಿದ್ದವರು ಮೂವರು ವಿದ್ಯಾರ್ಥಿಗಳು. ಸಂಪಾದಕಿ ನಾನು, ಯಾರೂ ಆರಿಸಿದ್ದಲ್ಲ, ಮೊದಲ ಸಂಚಿಕೆಯಲ್ಲಿ ನಾನೇ ಹಾಗೆಂದು ಟೈಪ್ ಮಾಡಿಕೊಂಡಿದ್ದೆ. ಮುಖಪುಟದ ಚಿತ್ರ ಜಬೀನಾಳದು. ಮೇಣದ ಹಾಳೆಯ ಮೇಲೆ ಕಬ್ಬಿಣದ ಕಡ್ಡಿಯಿಂದ ಗೆರೆ ಎಳೆಯುವಾಗ ಅವಳು ಉಸಿರನ್ನೂ ಬಿಗಿಹಿಡಿಯುತ್ತಿದ್ದಳು, ಕೊಂಚ ಒತ್ತಿದರೂ ಹಾಳೆ ಹರಿಯುತ್ತದಲ್ಲ. ಮೂರನೆಯವನು ಹುಲ್ಲಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಮಹದೇವ. ಮಾತು ಕಡಿಮೆ. ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವನು ಅವನೇ, ಅದು ನನಗೆ ಆಗಲೂ ಗೊತ್ತಿತ್ತು, ಒಪ್ಪಿಕೊಳ್ಳುತ್ತಿರಲಿಲ್ಲ. ತಾತ ಸ್ಟೆನ್ಸಿಲ್ ಸುತ್ತಿದ ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ ಒಂದೊಂದೇ ಹಾಳೆ ಹೊರಗೆ ಬೀಳಿಸುತ್ತಿದ್ದರು.

ಮೇಡಂ ಒಂದು ಪದ್ಧತಿ ಇಟ್ಟಿದ್ದರು. ಯಾವ ಬರಹವೇ ಆಗಲಿ, ಸ್ಟೆನ್ಸಿಲ್‌ಗೆ ಹೋಗುವ ಮುಂಚೆ ಒಮ್ಮೆ, ಅಚ್ಚಾಗಿ ಬಂದ ಮೇಲೆ ಒಮ್ಮೆ, ಹಜಾರದಲ್ಲಿ ಕೂತು ಎಲ್ಲರೆದುರು ಗಟ್ಟಿಯಾಗಿ ಓದಬೇಕು. ಓದುವವರು ಅವರೇ. ಬರೆದವರು ಎದುರಿಗೆ ಕೂರಬೇಕು. ಎರಡನೆಯ ಓದಿಗೆ ಮನೆಯವರನ್ನೂ ಕರೆತರಬಹುದು. ಮೇಡಂ ದನಿ ಸಣ್ಣದು, ನಾಟಕದ ಏರಿಳಿತ ಅದರಲ್ಲಿರಲಿಲ್ಲ. ಆದರೂ ನನ್ನ ಹದಿನಾರನೆಯ ವಯಸ್ಸಿನ ಕಗ್ಗವೂ ಅವರ ಬಾಯಲ್ಲಿ ಯಾರೋ ದೊಡ್ಡವರು ಬರೆದದ್ದರಂತೆ ಕೇಳುತ್ತಿತ್ತು. ನಾನು ಬರೆಯುವುದನ್ನು ಬಿಡದೆ ಉಳಿದಿದ್ದರೆ ಅದಕ್ಕೆ ಆ ದನಿಯೇ ಕಾರಣ.

ಮೂರನೆಯ ಸಂಚಿಕೆಗೆ ಮಹದೇವ ತನ್ನ ತಾಯಿಯ ಬಗ್ಗೆ ಬರೆದ. ಚಿಕ್ಕತಾಯಮ್ಮ ನಾಲೆಯ ಕೆಳಗಿನ ಗದ್ದೆಗಳಿಗೆ ನಾಟಿಗೆ ಹೋಗುವವರು. ಬೆಳಗ್ಗೆ ಬಾಗಿದ ಬೆನ್ನು, ಮಂಡಿಯವರೆಗಿನ ಕೆಸರು, ಸಂಜೆ ನಾಲೆಯಲ್ಲಿ ಕಾಲು ತೊಳೆಯುವಾಗ ಕೆಂಪಾಗುವ ನೀರು. ಕೊನೆಯ ಆರು ಸಾಲಿನಲ್ಲಿ ಮಾತ್ರ ತಾಯಿಯ ಹೆಸರು ಬರುತ್ತಿತ್ತು: ಸಾಹುಕಾರರ ಲೆಕ್ಕದಲ್ಲಿ ಅವಳು ಬರೀ ಹೆಣ್ಣಾಳು, ಅವಳ ಹೆಸರು ಚಿಕ್ಕತಾಯಮ್ಮ, ಅದನ್ನು ಒಂದು ಸಲವಾದರೂ ಅಚ್ಚಿನಲ್ಲಿ ನೋಡಬೇಕೆಂದು ಇಷ್ಟನ್ನೂ ಬರೆದೆ ಎಂದು. ಮೇಡಂ ಓದಿ ಮುಗಿಸಿದಾಗ ತಾತ ಕನ್ನಡಕ ತೆಗೆದು ಒರೆಸಿಕೊಂಡರು. ಹೆಸರು ಅಚ್ಚಾಗುತ್ತದೆಂದು ಮಹದೇವ ಅವತ್ತೇ ಮನೆಗೆ ಹೋಗಿ ಹೇಳಿದ್ದ.

ಸ್ಟೆನ್ಸಿಲ್ ಕುಟ್ಟಿದವಳು ನಾನು. ಎಂಟನೆಯ ಹಾಳೆ ಕೊನೆಯದು, ಬೇರೆ ಹಾಳೆ ಮೈಸೂರಿನಿಂದ ಬರಬೇಕು. ಬರಹ ನಾಲೆಯ ನೀರಿನವರೆಗೆ ಬರುವಷ್ಟರಲ್ಲಿ ಪುಟ ಮುಗಿದಿತ್ತು, ಆರು ಸಾಲು ಹೊರಗೆ ಉಳಿಯಿತು. ಅದೇ ಪುಟದ ಮೇಲ್ಭಾಗದಲ್ಲಿ ನನ್ನದೊಂದು ಪದ್ಯ ಇತ್ತು. ಅದನ್ನು ಬಿಟ್ಟಿದ್ದರೆ ಜಾಗ ಆಗುತ್ತಿತ್ತು. ಕೆಂಪು ನೀರಿನಲ್ಲಿ ಮುಗಿದರೇ ಚೆಂದ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾರಿಗೂ ಹೇಳಲಿಲ್ಲ. ಸಂಪಾದಕಿ ಎಂದ ಮೇಲೆ ಅಷ್ಟು ಅಧಿಕಾರ ಬೇಡವೇ ಅನ್ನುವ ಜಂಬ.

ಅಚ್ಚಾದ ಮೇಲಿನ ಭಾನುವಾರ, ಎರಡನೆಯ ಓದಿಗೆ ಚಿಕ್ಕತಾಯಮ್ಮ ಬಂದರು. ಹನ್ನೊಂದರ ಬಸ್ಸು. ಒಗೆದು ಮಡಿಸಿಟ್ಟಿದ್ದ ಹಸಿರು ಸೀರೆ, ಮುಡಿಯಲ್ಲಿ ಕನಕಾಂಬರ. ಮೇಡಂ ಕುರ್ಚಿ ತೋರಿಸಿದರೂ ಕಂಬಕ್ಕೊರಗಿ ನೆಲದ ಮೇಲೆ ಕೂತರು, ಆಗ ಮೇಡಂ ಕೂಡ ಕುರ್ಚಿ ಬಿಟ್ಟು ನೆಲಕ್ಕೆ ಇಳಿದರು. ನಾನೂ ಮಹದೇವನೂ ಅವರ ಪಕ್ಕಕ್ಕೆ ಸರಿದು ಕೂತೆವು. ಅಚ್ಚಾದ ಪ್ರತಿ ಮಹದೇವನೂ ನೋಡಿರಲಿಲ್ಲ, ತಾಯಿಯ ಜೊತೆಗೇ ಕೇಳಬೇಕೆಂದು ಕಾದಿದ್ದ. ಮೇಡಂ ಓದುತ್ತಾ ಹೋದರು. ಬೆನ್ನು, ಕೆಸರು, ನಾಲೆ, ಕೆಂಪು ನೀರು. ಅಲ್ಲಿಗೆ ಪುಟ ಮುಗಿಯಿತು. ಅವರು ಹಾಳೆ ಮಗುಚಿದರು. ಹಿಂದೆ ಏನೂ ಇರಲಿಲ್ಲ, ಬರೀ ಖಾಲಿ. ಆ ಖಾಲಿ ಹಾಳೆಯ ಮೇಲೆ ಕಣ್ಣಿಟ್ಟು ಮೇಡಂ ಅದೇ ಸಣ್ಣ ದನಿಯಲ್ಲಿ ಉಳಿದ ಆರು ಸಾಲನ್ನೂ ಓದಿದರು. ಒಮ್ಮೆ ಓದಿದ್ದು ಅವರಿಗೆ ಬಾಯಿಗೆ ಬಂದಿತ್ತು. ಚಿಕ್ಕತಾಯಮ್ಮ ಎಂಬಲ್ಲಿ ತಡವರಿಸಲೂ ಇಲ್ಲ. ಹಾಳೆ ಖಾಲಿ ಇದ್ದದ್ದು ಪಕ್ಕದಲ್ಲಿದ್ದ ನನಗೂ ಮಹದೇವನಿಗೂ ಕಂಡಿತು. ಅವನು ನನ್ನ ಕಡೆ ನೋಡಿದ ನೋಟವನ್ನು ಬರೆಯಲು ಈಗಲೂ ನನಗೆ ಆಗದು.

ತನ್ನ ಹೆಸರು ಕೇಳಿ ಚಿಕ್ಕತಾಯಮ್ಮ ಮೊದಲು ನಕ್ಕರು. ಸೆರಗಿನಿಂದ ಬಾಯಿ ಒತ್ತಿಕೊಂಡರು. ಆಮೇಲೆ ಏನೋ ಕಡಿಮೆಯಾಯಿತೆಂಬಂತೆ ಮಗನ ಕಡೆ ತಿರುಗಿದರು.

"ನನ್ನೊಬ್ಳ್ ಎಸ್ರೇ ಯಾಕಪ್ಪ ಬರ್ದೆ? ಅಷ್ಟಗ್ಲ ಗದ್ದೆಯ ನಾನೊಬ್ಳೇ ನಾಟಿ ಮಾಡ್ದ್ನಾ? ಸಾಲಲ್ಲಿ ಏಳ್ ಜನ ಇದ್ದೋ ಕಣಪ್ಪ. ಅವ್ರುದ್ನೂ ಆಕು."

ನಾನು ಅಲ್ಲೇ ಅತ್ತುಬಿಟ್ಟೆ, ಜಾಗ ಸಾಲದೆಂದು ಬಿಟ್ಟದ್ದನ್ನೂ ನನ್ನ ಪದ್ಯ ಉಳಿಸಿಕೊಂಡದ್ದನ್ನೂ ಹೇಳಿದೆ. "ಒಂದ್ ಮಾತ್ ಕೇಳ್ಬೋದಿತ್ತು ಕಣಮ್ಮಿ ನೀನು," ಎಂದ ಮಹದೇವ. ಅಷ್ಟೇ. ಮೇಡಂ ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಎಂಬತ್ತೂ ಪ್ರತಿಗಳನ್ನು ತಂದು ನನ್ನ ಮುಂದೆ ಇಟ್ಟರು. "ಜಾಗ ಇಲ್ಲ ಅಂತ ತಾನೇ ಬಿಟ್ಟಿದ್ದು? ಅಂಚು ಖಾಲಿ ಇದೆ ನೋಡು. ಅಲ್ಲಿ ಬರಿ."

ಅವತ್ತು ಮಧ್ಯಾಹ್ನವೆಲ್ಲ ನಾಲ್ಕು ಜನ ಕೂತು ಕೈಯಲ್ಲಿ ಬರೆದೆವು. ಮೊದಲು ಕೆಳಗಿನ ಅಂಚಿನಲ್ಲಿ ಆ ಆರು ಸಾಲು, ಆಮೇಲೆ ಪಕ್ಕದ ಅಂಚಿನಲ್ಲಿ ಒಂದರ ಕೆಳಗೊಂದು ಹೆಸರು. ಚಿಕ್ಕತಾಯಮ್ಮ ತಾವು ಸಾಲಿನಲ್ಲಿ ನಿಲ್ಲುವ ಕ್ರಮದಲ್ಲೇ ಹೇಳಿದರು: ಸಿದ್ದಮ್ಮ, ಪುಟ್ಟಮಾದಮ್ಮ, ಚಿಕ್ಕತಾಯಮ್ಮ, ನಿಂಗಮ್ಮ, ಗೌರಮ್ಮ, ದೊಡ್ಡತಾಯಮ್ಮ, ಕೆಂಪಮ್ಮ. ಜಬೀನಾಳ ಅಕ್ಷರ ದುಂಡು, ಮಹದೇವನದು ಬಾಗಿದ್ದು, ಮೇಡಂದು ಮುತ್ತು, ನನ್ನದು ಕಾಗೆ ಕಾಲು. ತಾತ ಮಸಿ ಆರಲು ಹಾಳೆಗಳನ್ನು ಹಜಾರದ ತುಂಬ ಹರವಿದರು, ಚಿಕ್ಕತಾಯಮ್ಮ ಅವು ಹಾರದಂತೆ ಒಂದೊಂದರ ಮೇಲೂ ಒಂದೊಂದು ರಸಬಾಳೆ ಹಣ್ಣು ಇಟ್ಟರು. ಓದು ಬಾರದ ಅವರು ಯಾವುದು ತನ್ನ ಹೆಸರು ಎಂದು ಕೇಳಿ ಕೇಳಿ, ಐದರ ಬಸ್ಸಿಗೆ ಹೊರಡುವಷ್ಟರಲ್ಲಿ ಯಾರ ಕೈಬರಹದಲ್ಲಿದ್ದರೂ ತನ್ನ ಹೆಸರಿನ ಮೇಲೆ ಬೆರಳಿಡುವುದನ್ನು ಕಲಿತಿದ್ದರು. ಮರುದಿನ ಮಹದೇವ ಎಂದಿನಂತೆ ಬಂದು ನನ್ನ ಪಕ್ಕದಲ್ಲೇ ಕೂತ. ಅವನು ಬರದೇ ಹೋಗಿದ್ದರೆ ನಾನು ಏನು ಮಾಡುತ್ತಿದ್ದೆನೋ ತಿಳಿಯದು.

'ಎಳೆಬಿಸಿಲು' ಇನ್ನೂ ಎರಡು ವರ್ಷ ನಡೆಯಿತು. ಆಮೇಲೆ ನಾವು ಒಬ್ಬೊಬ್ಬರು ಒಂದೊಂದು ಕಡೆ ಹೋದೆವು. ಊರಿಗೆ ಕಂಪ್ಯೂಟರ್ ಸೆಂಟರ್‌ಗಳು ಬಂದವು, ಟೈಪ್‌ರೈಟರ್‌ಗಳ ಮೇಲೆ ಬಟ್ಟೆ ಹೊದಿಸಿದ್ದು ಮತ್ತೆ ತೆಗೆಯಲಿಲ್ಲ. ತಾತ ತೀರಿಕೊಂಡರು. ಮನೆ ಮಾರಿ ಮೇಡಂ ತಿರುಮಕೂಡಲು ನರಸೀಪುರಕ್ಕೆ, ತಂಗಿಯ ಮನೆಗೆ ಹೋದರು. ಹಜಾರವಿದ್ದ ಕಡೆ ಈಗ ಮೂರು ಅಂಗಡಿ. ನರಸೀಪುರಕ್ಕೆ ಎರಡು ಸಲ ಹೋಗಿ ಅವರನ್ನು ನೋಡಿ ಬಂದೆ. ಎರಡು ಸಲವೂ ಈಗೇನು ಬರೀತಿದ್ದೀಯ, ಓದು ಕೇಳೋಣ ಎಂದರು. ಮೂರನೆಯ ಸಲ ಹೋಗುವ ಮೊದಲೇ, ಅಲ್ಲೇ ಡ್ರಾಯಿಂಗ್ ಟೀಚರಾಗಿದ್ದ ಜಬೀನಾ ಫೋನ್ ಮಾಡಿ, ಮೇಡಂ ಬೆಳಗ್ಗೆ ಹೋಗಿಬಿಟ್ಟರು ಎಂದಳು.

ಹೈಸ್ಕೂಲು ಮೇಷ್ಟರಾಗಿದ್ದ ಮಹದೇವ ನನ್ನೊಂದಿಗೇ ನರಸೀಪುರಕ್ಕೆ ಬಂದಿದ್ದ. ಹೊಳೆದಂಡೆಯಲ್ಲಿ ಎಲ್ಲ ಮುಗಿದ ಮೇಲೆ, ಅವ್ವ ನಿನ್ನ ನೋಡಬೇಕಂತೆ ಎಂದು ಹುಲ್ಲಹಳ್ಳಿಗೆ ಕರೆದುಕೊಂಡು ಹೋದ. ಚಿಕ್ಕತಾಯಮ್ಮನ ಬೆನ್ನು ಆಗಲೇ ಬಾಗಿತ್ತು. ಸುದ್ದಿ ಕೇಳಿ, ಆ ಪೇಪರುಗಳನ್ನು ತೆಗಿ ಎಂದರು. ಮಗ ಟ್ರಂಕಿನಿಂದ ಎಲ್ಲ ಸಂಚಿಕೆಗಳನ್ನೂ ತಂದಿಟ್ಟ. ಮೇಡಂ ಹೆಸರು ಎಲ್ಲಿದೆ ತೋರಿಸು ಎಂದು ನನ್ನನ್ನು ಕೇಳಿದರು. ಹುಡುಕಿದೆ. ಹಿಡಿ ತಿರುಗಿಸಿದ ತಾತನಿಗೆ ವಂದನೆ ಇತ್ತು, ಕಾಗದ ಕೊಡಿಸಿದವರಿಗಿತ್ತು, ಸಂಪಾದಕಿ ಎಂದು ನನ್ನ ಹೆಸರು ಪ್ರತಿಯೊಂದರಲ್ಲೂ ಇತ್ತು. ಮಹದೇವನೂ ನಾನೂ ಕೊನೆಯ ಸಂಚಿಕೆಯ ಕೊನೆಯ ಪುಟದವರೆಗೆ ಮಗುಚಿದೆವು.

"ನಮ್ ಏಳ್ ಜನ್ದ್ ಎಸ್ರೂವೆ ಬರ್ಸುದ್ರಲ್ಲ ಆಯಮ್ಮ," ಎಂದರು ಚಿಕ್ಕತಾಯಮ್ಮ. "ಅವ್ರುದ್ನ ಯಾರೂ ಬರೀನಿಲ್ವಾ?"

ಬರೆದಿರಲಿಲ್ಲ. ನಮಗೆ ಅವರು ಮೇಡಂ, ಅಷ್ಟು ಸಾಕು ಅಂದುಕೊಂಡಿದ್ದೆವು. ಇವತ್ತು ನನ್ನ ಬಳಿ ಪತ್ರಿಕೆಯಿಲ್ಲ, ತುಂಬಿಹೋಗುವ ಪುಟವೂ ಇಲ್ಲ, ಬೇಕಾದಷ್ಟು ಜಾಗ ಇದೆ. ಅವರ ಹೆಸರು ವಿಶಾಲಾಕ್ಷಮ್ಮ.