ಹೊನ್ನಪ್ಪ ಹೇಳಿದ ಬೀಗರೂಟ

ಕಿರಂಗೂರಿನ ಹಾಲಿನ ಡೇರಿಗೆ ಬೆಳಗಿನ ಆರು ಗಂಟೆಗೆ ಕ್ಯಾನು ಹಿಡಿದು ಬಂದವರು ಹಾಲು ಹಾಕಿದ ಮೇಲೂ ಮನೆಯ ದಾರಿ ಹಿಡಿಯುತ್ತಿರಲಿಲ್ಲ. ಸಗಣಿ ಬಾಚುವುದಿರಲಿ, ಗದ್ದೆಗೆ ನೀರು ಕಟ್ಟುವುದಿರಲಿ, ಹತ್ತು ನಿಮಿಷ ತಡವಾದರೆ ಲೋಕವೇನೂ ಮುಳುಗುವುದಿಲ್ಲವೆಂದು ಜಗಲಿಯ ಮೇಲೆ ಕೂತುಬಿಡುತ್ತಿದ್ದರು. ಹಾಲು ಪರೀಕ್ಷೆ ಮಾಡುವ ಹೊನ್ನಪ್ಪನ ಬಾಯಿ ಅಂಥದ್ದು. ಮಂಚಯ್ಯನ ಹಾಲಿಗೆ, ಬೆರೆತ ನೀರನ್ನು ಪತ್ತೆಹಚ್ಚುವ ಮಾಪಕ ಬಿಟ್ಟು, ಅದು ಮುಳುಗುವುದನ್ನು ಪಂಡಿತರು ನಾಡಿ ಹಿಡಿದಷ್ಟು ಗಂಭೀರವಾಗಿ ನೋಡಿ ಕೇಳುತ್ತಿದ್ದ:

“ಮಂಚಣ್ಣ, ನಿನ್ ಎಮ್ಮೆ ನಾಲೇಲಿ ಈಜಕ್ ಓಗಿತ್ತಾ?”

“ಇಲ್ಲ ಕಣ್ಲಾ, ನಿನ್ ಮಕ ನೋಡಿ ಆಲು ಬೆವತ್ಬುಡ್ತು.”

ಇಂಥ ಹೊನ್ನಪ್ಪನನ್ನು ಮದುವೆಯಾಗಿದ್ದವಳು ಪ್ರಮೀಳಾ. ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಬಿ.ಎ. ಮುಗಿಸಿದವಳು. ಅವಳಿಗೆ ಎಲ್ಲದಕ್ಕೂ ಭಯ. ಎಂಟು ತಿಂಗಳ ಮಗ ಕಿಶನ್ ಸೀನಿದರೆ ನ್ಯುಮೋನಿಯಾ ಇರಬಹುದೆಂಬ ಭಯ, ಸೀನದೆ ಸುಮ್ಮನಿದ್ದರೆ ಉಸಿರಾಡುತ್ತಿದ್ದಾನೋ ಇಲ್ಲವೋ ಎಂಬ ಭಯ. ಅತ್ತೆ ಪುಟ್ಟತಾಯಮ್ಮ, “ಕೂಸು ನೆಟ್ಟಗದೆ, ನೀನ್ ನೆಟ್ಟಗಿರವ್ವ” ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು.

ಆದರೆ ಅವಳ ದೊಡ್ಡ ಚಿಂತೆ ಮಗುವಿನದಲ್ಲ, ಅಪ್ಪನದು.

ಎರಡು ವರ್ಷದ ಹಿಂದೆ, ಮದುವೆಯಾದ ವಾರಕ್ಕೆ, ಕಿರಂಗೂರಿನ ಮನೆಯ ಮುಂದೆ ಚಪ್ಪರ ಹಾಕಿ ಬೀಗರೂಟ ಮಾಡಿದ್ದರು. ಎಂಟು ಕುರಿ ಬಿದ್ದಿದ್ದವು. ಮಂಡ್ಯದ ಕಡೆಯ ಬೀಗರೂಟದಲ್ಲಿ ಯಾರೂ ಯಾರನ್ನೂ ಕಾಯುವುದಿಲ್ಲ. ಉಣ್ಣುವವನ ಕುರ್ಚಿಯ ಹಿಂದೆ ಹೋಗಿ ಅದರ ಬೆನ್ನ ಮೇಲೆ ಕೈಯೂರಿ ನಿಂತವನಿಗೇ ಮುಂದಿನ ಪಂಕ್ತಿ. ಬೀಗನೊಬ್ಬನಿಗೆ ಮಾತ್ರ ಬೇರೆ ಮರ್ಯಾದೆ. ಅವನನ್ನು ಕೈಹಿಡಿದು ಕರೆತಂದು ಮೊದಲ ಪಂಕ್ತಿಯಲ್ಲಿ ಕೂರಿಸಿ, ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನು ಅವನ ಎಲೆಗೆ ಬಡಿಸಬೇಕು. ಅಂದು ಪ್ರಮೀಳಾಳ ಅಪ್ಪ ನಂಜಪ್ಪನವರನ್ನು ಯಾರೂ ಕರೆಯಲಿಲ್ಲ. ಆಫೀಸಿನಲ್ಲಿ ಹೆಡ್ ಕ್ಲರ್ಕಾಗಿದ್ದ ಮನುಷ್ಯ, ಕರೆಯದೆ ಹೋಗಿ ಕೂರುವವರಲ್ಲ. ಚಪ್ಪರದ ಕಂಬಕ್ಕೆ ಒರಗಿ ನಿಂತರು, ನಿಂತೇ ಇದ್ದರು, ಕೊನೆಗೆ ಹಸಿದುಕೊಂಡೇ ಮೈಸೂರಿಗೆ ಹೋದರು.

ಅಂದಿನಿಂದ ಆ ಮನೆಯಲ್ಲಿ ಅವರು ಅನ್ನ ಮುಟ್ಟಿಲ್ಲ. ಮೊಮ್ಮಗನನ್ನು ನೋಡಲು ತಿಂಗಳಿಗೊಮ್ಮೆ ಬರುತ್ತಾರೆ, ಒಂದು ಲೋಟ ಕಾಫಿ ಕುಡಿಯುತ್ತಾರೆ, “ಅಳಿಯಂದಿರು ಚೆನ್ನಾಗಿದ್ದೀರಾ?” ಎಂದು ಹೊರಗಿನವರನ್ನು ಕೇಳುವ ಹಾಗೆ ಕೇಳಿ ಎದ್ದು ಹೋಗುತ್ತಾರೆ. ಊರನ್ನೆಲ್ಲ ನಗಿಸುವ ಹೊನ್ನಪ್ಪನಿಗೆ ಮಾವನ ಎದುರು ನಾಲಿಗೆಯೇ ಏಳದು. ಎಮ್ಮೆಗೆ ಹುಲ್ಲು ಹಾಕುವ ನೆಪ ಮಾಡಿ ಕೊಟ್ಟಿಗೆಗೆ ನಡೆದುಬಿಡುತ್ತಾನೆ. ಇದನ್ನು ಪ್ರಮೀಳಾ ಅಹಂಕಾರವೆಂದೇ ತಿಳಿದಿದ್ದಳು. ಕೇಳಿದರೆ, “ಬುಡು ಅತ್ಲಾಗೆ” ಎನ್ನುವುದು ಬಿಟ್ಟು ಬೇರೆ ಉತ್ತರ ಅವನಿಂದ ಬಂದಿರಲಿಲ್ಲ.

ಹೀಗಿರುವಾಗ, ತೊಂಬತ್ತಾರನೆಯ ಇಸವಿಯ ಡಿಸೆಂಬರಿನಲ್ಲಿ, ಪಾಂಡವಪುರದ ಗೆಳೆಯರ ಕ್ಲಬ್ಬಿನವರು ‘ಹೊಸ ಹಾಸ್ಯಗಾರರ ಸಂಜೆ’ ಎಂದು ಕರಪತ್ರ ಹಂಚಿದರು. ಡೇರಿಯವರು ಹೊನ್ನಪ್ಪನನ್ನು ಕೇಳದೆಯೇ ಅವನ ಹೆಸರು ಕೊಟ್ಟು ಬಂದರು. ಯಾವ ಐಟಂ ಮಾಡಬೇಕೆಂಬ ಚರ್ಚೆಯೇ ಆಗಲಿಲ್ಲ. ಬೀಗರೂಟದಲ್ಲಿ ಕುರ್ಚಿ ಹಿಡಿಯುವವನನ್ನು ಅವನು ಮಾಡಿ ತೋರಿಸಿದರೆ ಡೇರಿಯ ಜಗಲಿಯಲ್ಲಿ ಜನ ಬಿದ್ದು ಬಿದ್ದು ನಗುತ್ತಿದ್ದರು.

“ರೀ, ಬೀಗರೂಟ ಬೇಡ ಕಣ್ರೀ,” ಎಂದಳು ಪ್ರಮೀಳಾ. “ಬೇರೆ ಏನಾದ್ರೂ ಮಾಡಿ.”

“ಬೇರೆ ನಂಗೇನ್ ಬತ್ತದೆ?”

“ಹಾಗಾದ್ರೆ ಅಪ್ಪನ ಸುದ್ದಿ ಮಾತ್ರ ಬರಕೂಡದು. ಆಣೆ ಮಾಡಿ.”

“ಬರಲ್ಲ ಕಣೆ. ಅವ್ರೇನ್ ಅಲ್ಲಿಗ್ ಬತ್ತಾರಾ?”

ಬರುವ ಹಾಗೆ ಮಾಡಿದವಳು ಅವಳೇ. ಕಾರ್ಯಕ್ರಮದ ಹಿಂದಿನ ದಿನ, ಶನಿವಾರ, ಕಿಶನ್ ಎರಡು ಸಲ ಕೆಮ್ಮಿದನೆಂದು ಎಸ್‌ಟಿಡಿ ಬೂತಿಗೆ ಓಡಿ, ಮೈಸೂರಿಗೆ ಫೋನು ಮಾಡಿ ಅತ್ತಿದ್ದಳು. ಭಾನುವಾರ ಬೆಳಗಾಗುವಾಗ ಕೆಮ್ಮು ಎಲ್ಲಿ ಹೋಯಿತೋ, ಮಗು ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು. ಅಪ್ಪನಿಗೆ ತಿರುಗಿ ಫೋನು ಮಾಡುವುದು ಅವಳಿಗೆ ಹೊಳೆಯಲೇ ಇಲ್ಲ.

ಸಂಜೆ ಮಗುವಿಗೆ ಎರಡು ಸ್ವೆಟರು ಹಾಕಿ, ಕುಲಾವಿ ಕಟ್ಟಿ, ಕಿವಿಗೆ ಹತ್ತಿಯಿಟ್ಟು, ಹೊನ್ನಪ್ಪನ ಮೊಪೆಡ್ಡಿನ ಹಿಂದೆ ಕೂತು ಅವಳು ಪಾಂಡವಪುರ ಸೇರಿದಳು. ಇಸ್ಪೀಟಾಡುವ ಗಂಡಸರ ಕ್ಲಬ್ಬದು. ಹೆಂಗಸರು ಅದರ ಬಾಗಿಲು ದಾಟಿದ್ದು ಅಂದೇ ಮೊದಲು. ಇಸ್ಪೀಟಿನ ಮೇಜುಗಳನ್ನು ಗೋಡೆಗೆ ಸರಿಸಿ ಕಬ್ಬಿಣದ ಕುರ್ಚಿ ಹಾಕಿದ್ದರು. ಎಷ್ಟು ಒರೆಸಿದ್ದರೂ ಬೀಡಿಯ ವಾಸನೆ ಹೋಗಿರಲಿಲ್ಲ. ಧ್ವನಿವರ್ಧಕದ ಹತ್ತಿರ ಕೂತರೆ ಮಗುವಿನ ಕಿವಿಗೆ ತೊಂದರೆ, ಕಿಟಕಿಯ ಹತ್ತಿರ ಕೂತರೆ ಗಾಳಿ ಎಂದು ಮೂರು ಕಡೆ ಕುರ್ಚಿ ಬದಲಾಯಿಸಿ, ಕೊನೆಗೆ ಎರಡನೇ ಸಾಲಿನ ತುದಿಯಲ್ಲಿ ಕೂತಳು. ಹೊನ್ನಪ್ಪ ವೇದಿಕೆಯ ಹಿಂದಕ್ಕೆ ಹೋದ.

ಕ್ಲಬ್ಬಿನ ಕಾರ್ಯದರ್ಶಿ ರಘುನಂದನ್ ಮೈಕಿಗೆ ಎರಡು ಬಾರಿ ಊದಿ, ಅದು ಕೀ ಎಂದು ಕಿರುಚಿದ ಮೇಲೆ ಸಮಾಧಾನವಾಗಿ, ಮೊದಲನೆಯವನನ್ನು ಕರೆದ. ಬೆಳಗೊಳದ ಮರಿಯಯ್ಯ. ಲುಂಗಿಯುಟ್ಟ ಸಣಕಲು ಮನುಷ್ಯ. ಒಂದು ಮಾತೂ ಆಡದೆ, ಮಳೆಗಾಲದ ಗದ್ದೆಯ ಕಪ್ಪೆಗಳನ್ನು ಒಂದೊಂದಾಗಿ ಎಬ್ಬಿಸಿದ. ಆಮೇಲೆ ಕೆಸರಿನಲ್ಲಿ ಹೂತ ಟ್ರಾಕ್ಟರು, ಅದನ್ನು ಬೈಯುವ ಯಜಮಾನ, ಯಜಮಾನನನ್ನು ಬೈಯುವ ಯಜಮಾನಿ. ಕಿಶನ್ ಕಣ್ಣರಳಿಸಿ ನೋಡಿದ. ಎಷ್ಟೋ ದಿನದ ಮೇಲೆ ಪ್ರಮೀಳಾ ಹೊಟ್ಟೆ ತುಂಬ ನಕ್ಕಳು.

ಎರಡನೆಯವನು ನಾಗಮಂಗಲದ ಕಾಲೇಜು ಹುಡುಗ, ವಿನಯ್. ಕ್ಯಾಸೆಟ್ಟಿನ ಜೋಕುಗಳನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಆ ಕ್ಯಾಸೆಟ್ಟು ಎಲ್ಲರ ಮನೆಯಲ್ಲೂ ಇತ್ತು. ಅವನು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಜನರೇ ಹೇಳಿಬಿಡುತ್ತಿದ್ದರು.

“ಲೇ ತಮ್ಮಾ, ಸೈಡ್ ಬಿ ಆಕು!” ಎಂದು ಹಿಂದಿನಿಂದ ಯಾರೋ ಕೂಗಿದರು. ಹುಡುಗ ತಾನೂ ನಕ್ಕು ಕೈಮುಗಿದ. ಆ ನಗೆಗೇ ಅವನಿಗೆ ಜೋರು ಚಪ್ಪಾಳೆ ಬಿತ್ತು.

ಅದೇ ಹೊತ್ತಿಗೆ ಪ್ರಮೀಳಾಳ ಭುಜದ ಮೇಲೆ ಕೈ ಬಿತ್ತು. ತಿರುಗಿದರೆ ಅಪ್ಪ! ಮಫ್ಲರು ಸುತ್ತಿಕೊಂಡು, ಕೈಯಲ್ಲಿ ಔಷಧಿ ಅಂಗಡಿಯ ಕಾಗದದ ಚೀಲ ಹಿಡಿದು ನಿಂತಿದ್ದರು.

“ಮಗೂಗೆ ಕೆಮ್ಮು ಅಂತ ಅಳ್ತಾ ಫೋನ್ ಮಾಡ್ತೀಯ. ಓಡಿ ಬಂದ್ರೆ ಕ್ಲಬ್ಬಿಗೆ ಹೋಗವ್ರೆ ಅಂತಾರೆ ನಿಮ್ಮತ್ತೆ. ಏನಮ್ಮಾ ಇದು?”

“ಕೆಮ್ಮು ಹೋಯ್ತಪ್ಪ.”

“ಹೋದ ಮೇಲೆ ಹೇಳ್ಬಾರ್ದಾ? ಕೊಡು ಇಲ್ಲಿ.”

ಅಷ್ಟರಲ್ಲಿ ರಘುನಂದನ್, “ಮುಂದಿನವರು ಕಿರಂಗೂರಿನ ಹೊನ್ನಪ್ಪ!” ಎಂದು ಕೂಗಿದ. ಓಡಿಹೋಗಿ ಗಂಡನಿಗೆ ಹೇಳಿಬಿಡೋಣವೆಂದು ಪ್ರಮೀಳಾ ಎದ್ದಳು. ಹಿಂದಿನವರು, “ಕೂತ್ಕೊಳಮ್ಮೋ, ಮರೆಯಾಯ್ತದೆ,” ಎಂದು ಗದರಿಸಿದರು. ಕೂತಳು. ನಂಜಪ್ಪನವರು ಮೊಮ್ಮಗನನ್ನೆತ್ತಿಕೊಂಡು, ಖಾಲಿಯಿದ್ದ ಕುರ್ಚಿ ಅದೊಂದೇ ಆದ್ದರಿಂದ, ಮುಂದಿನ ಸಾಲಿನ ನಟ್ಟನಡುವೆ ಹೋಗಿ ಕೂತರು.

ಹೊನ್ನಪ್ಪ ಒಂದು ಕುರ್ಚಿ ಎಳೆದುಕೊಂಡು ಬಂದ. ಅದರ ಬೆನ್ನ ಮೇಲೆ ಕೈಯೂರಿ, ಕಾಣದ ಉಣ್ಣುವವನ ಎಲೆಗೆ ಬಗ್ಗಿ ನೋಡಿದ.

“ಅಣ್ಣ, ಇನ್ನೂ ಮುದ್ದೇಲೇ ಅವ್ನೆ... ಅಣ್ಣೋ, ಆ ಮೂಳೇಲಿ ಏನೂ ಇಲ್ಲ ಬುಡು, ನಾ ಆಗ್ಲೇ ನೋಡ್ದೆ. ಅನ್ನಕ್ ಬಂದ್ಯಾ? ಬಾ ಬಾ ಬಾ. ಏ, ಈ ಅಣ್ಣಂಗೆ ಸಾರು ಬ್ಯಾಡ ಕಣ್ರಯ್ಯ, ಡಾಕ್ಟ್ರು ಬ್ಯಾಡ ಅಂದವ್ರೆ!”

ಸಭೆ ಹೊಯ್ಯೆಂದು ನಕ್ಕಿತು. ಬೀಗರೂಟದಲ್ಲಿ ಹಾಗೆ ನಿಂತಿರದವರು ಅಲ್ಲಿ ಒಬ್ಬರೂ ಇರಲಿಲ್ಲ. ಹೊನ್ನಪ್ಪ ನಗು ಇಳಿಯಲೆಂದು ತಲೆಯೆತ್ತಿದ. ಮುಂದಿನ ಸಾಲು ಕಂಡಿತು. ಅವನ ಕೈ ಕುರ್ಚಿಯಿಂದ ಜಾರಿತು.

“ಮರೆತೋಯ್ತೇನ್ಲಾ?” ಎಂದ ಒಬ್ಬ. ಪ್ರಮೀಳಾ ಉಗುರು ಕಚ್ಚಿದಳು. ಇಳಿದು ಬಂದುಬಿಡಿ, ಇಲ್ಲಾ ಎರಡು ಕ್ಯಾಸೆಟ್ಟು ಜೋಕು ಹೇಳಿಬಿಡಿ ಎಂದು ಮನಸ್ಸಿನಲ್ಲೇ ಗೋಗರೆದಳು. ಹೊನ್ನಪ್ಪ ಮಾತಾಡಿದಾಗ ದನಿ ಡೇರಿಯ ದನಿಯಾಗಿರಲಿಲ್ಲ, ಸಣ್ಣದಾಗಿತ್ತು.

“ಈ ಕುರ್ಚಿ ಇಡಿಯೋ ಇದ್ಯೆ ಬರದೇ ಇರೋರೂ ಅವ್ರೆ ಸ್ವಾಮಿ. ನಮ್ ಮಾವನೋರು. ಮೈಸೂರೋರು.”

ಮುಗಿಯಿತು ಎಂದುಕೊಂಡಳು ಪ್ರಮೀಳಾ. ಅಪ್ಪನ ಬೆನ್ನು ನೆಟ್ಟಗಾದದ್ದು ಅವಳಿಗೆ ಕಂಡಿತು.

“ನಮ್ ಬೀಗರೂಟದ್ ದಿನ ನಮ್ಮವ್ವ ನಂಗೆ ಒಂದೇ ಒಂದು ಕೆಲ್ಸ ಹೇಳಿದ್ಲು. ‘ಲೇ, ಬೀಗರನ್ನ ಮೊದಲ್ನೇ ಪಂಕ್ತೀಲಿ ಕುಂಡ್ರಿಸಿ, ನಲ್ಲಿ ಮೂಳೆ ನಿನ್ ಕೈಯಾರೆ ಇಕ್ಕು.’ ಸರಿ. ಆದ್ರೆ ನಾನು ಮಾವನ್ನ ನೋಡಿದ್ದೇ ಎರಡು ಸತಿ. ಹೆಣ್ಣು ನೋಡಕ್ ಓದಾಗ ಹೆಣ್ಣು ನೋಡ್ಬೇಕೋ ಮಾವನ್ನ ನೋಡ್ಬೇಕೋ ನೀವೇ ಹೇಳಿ. ಧಾರೆ ದಿನ ನೋಡ್ದೆ. ತಲೆ ತುಂಬ ಪೇಟ, ಕೆಳಗೊಂದು ಕನ್ನಡಕ. ನನ್ ಲೆಕ್ಕದಲ್ಲಿ ಮಾವ ಅಂದ್ರೆ ಅಷ್ಟೇಯ. ಬೀಗರೂಟಕ್ಕೆ ಪೇಟ ಬಿಚ್ಚಿಟ್ಟು ಬಂದ್ಬುಟ್ಟವ್ರೆ! ನಾನೇನ್ ಮಾಡ್ಲಿ?”

ಜನ ನಗಲು ಶುರುಮಾಡಿದರು. ಪ್ರಮೀಳಾಳಿಗೆ ನಗು ಬರಲಿಲ್ಲ. ಇದು ಅವಳೂ ಕೇಳಿರದ ಕತೆ.

“ಚಪ್ಪರದೊಳಕ್ ಓದೆ. ಮೊದಲ್ನೇ ಪಂಕ್ತೀಲಿ ಸಫಾರಿ ಆಕ್ಕೊಂಡು, ಕನ್ನಡಕದೋರು ಕುಂತವ್ರೆ. ಕಾಲಿಗೆ ಬಿದ್ದೆ. ನಲ್ಲಿ ಮೂಳೆ ಇಕ್ದೆ. ‘ಮಾವ, ಇನ್ನೊಂದು?’ ಅಂದೆ. ಬ್ಯಾಡ ಅನ್ನಲಿಲ್ಲ. ಅಡ್ಗೆಯೋರ ಕೈಲಿ ಜಗಳ ಆಡಿ ಇನ್ನೊಂದ್ ತಂದಿಕ್ದೆ. ಅದಕ್ಕೂ ಬ್ಯಾಡ ಅನ್ನಲಿಲ್ಲ. ಮೈಸೂರೋರಾದ್ರೂ ಎಂಥಾ ಊಟಗಾರ್ರು ನಮ್ ಮಾವ ಅಂತ ನಂಗೆ ಎದೆ ಉಬ್ಬೋಯ್ತು. ಬೀಸಣಿಗೇಲಿ ಗಾಳಿ ಬೇರೆ ಆಕ್ದೆ. ಉಂಡ್ರು, ಕೈ ತೊಳುದ್ರು, ಎಲೆಡ್ಕೆ ಆಕ್ಕೊಂಡು ಒಂದು ನಿದ್ದೇನೂ ಮಾಡುದ್ರು, ಎದ್ದು ಜೇಬಿಂದ ವ್ಯಾನಿನ ಕೀ ತಗುದ್ರು. ‘ಅಣ್ಣ, ನಮ್ ಮೈಸೂರ್ ಪಾರ್ಟಿ ಎಲ್ಲದೆ? ಗಾಡಿ ಬುಡ್ಬೇಕು’ ಅಂದ್ರು.”

ಕ್ಲಬ್ಬಿನ ತಗಡಿನ ಸೂರು ಹಾರಿಹೋಗುವಂತೆ ಜನ ನಕ್ಕರು. ಹೊನ್ನಪ್ಪ ಕೈಯೆತ್ತಿ ತಡೆದ.

“ತಿರುಗಿ ನೋಡ್ತೀನಿ, ಕಂಬದ ತಾವ ನಮ್ ಮಾವ ನಿಂತವ್ರೆ. ಮೂರು ಪಂಕ್ತಿ ಎದ್ದೋಗದೆ. ಕೊಪ್ಪರಿಗೆ ತೊಳೀತಾವ್ರೆ. ‘ನಿಮ್ ಊಟಾನ ಡ್ರೈವರ್ಗೆ ಇಕ್ಬುಟ್ಟೆ ಮಾವ’ ಅನ್ನಕ್ ಆಯ್ತದಾ? ಓಗಿ ಕೊಟ್ಟಿಗೇಲಿ ಕುಂತ್ಕೊಂಡೆ. ಎರಡು ವರ್ಷದಿಂದ ಮಾವ ಬಂದಾಗೆಲ್ಲ ಕೊಟ್ಟಿಗೇಲೇ ಅವ್ನಿ. ನಮ್ ಎಮ್ಮೆಗೂ ನನ್ ಮಕ ನೋಡಿ ಬೇಜಾರಾಗೋಗದೆ.”

ಈ ಸಲ ಜನ ನಗುವ ಮೊದಲೇ ಮುಂದಿನ ಸಾಲಿನಲ್ಲಿ ನಂಜಪ್ಪನವರು ಎದ್ದು ನಿಂತರು. ತೋಳಿನಲ್ಲಿ ಕಿಶನ್, ಅಜ್ಜನ ಮಫ್ಲರನ್ನು ಬಾಯಿಗಿಟ್ಟು ಜಗಿಯುತ್ತಿದ್ದ.

“ಮೂರು ಪಂಕ್ತಿ ಅಲ್ಲ,” ಎಂದರು ನಂಜಪ್ಪನವರು, ಕಡತದ ತಪ್ಪು ತಿದ್ದುವ ದನಿಯಲ್ಲಿ. “ನಾಲ್ಕು. ಕಂಬಕ್ಕೆ ಒರಗಿ ಎಣಿಸಿದವನು ನಾನು.”

ಮಫ್ಲರಿನ ತುದಿಯನ್ನು ಮೊಮ್ಮಗನ ಬಾಯಿಂದ ಬಿಡಿಸಿಕೊಂಡು ಮುಂದುವರಿಸಿದರು.

“ಇನ್ನೊಂದು ವಿಷಯ. ಆ ಡ್ರೈವರು ಮೈಸೂರು ಮುಟ್ಟೋವರೆಗೂ ತೇಗ್ತಾ ಬಂದ ಕಣಪ್ಪ. ಒಂದೊಂದು ತೇಗಿಗೂ, ‘ಎಂಥಾ ಅಳಿಯ ಸಾರ್ ನಿಮ್ದು, ಎಂಥಾ ಅಳಿಯ!’ ಅಂತಿದ್ದ. ಹೊಟ್ಟೆ ಚುರುಗುಡ್ತಿತ್ತು ನನಗೆ. ಇವನಿಗೇನು ಬಂತು ರೋಗ ಅಂದ್ಕೊಂಡಿದ್ದೆ. ಇವತ್ತು ಗೊತ್ತಾಯ್ತು.”

ಆ ರಾತ್ರಿಯ ಅತಿ ದೊಡ್ಡ ನಗು ಅದಕ್ಕೇ ಬಂತು. ಕೆಲವರು ಎದ್ದು ನಿಂತು ಶಿಳ್ಳೆ ಹಾಕಿದರು. ಹೊನ್ನಪ್ಪ ವೇದಿಕೆಯ ಮೇಲೆ ಕುರ್ಚಿ ಹಿಡಿದು ನಗುತ್ತಲೇ ಕಣ್ಣೊರೆಸಿಕೊಂಡ. ಗಲಾಟೆಯ ನಡುವೆ ಪ್ರಮೀಳಾಳ ಕಿವಿಯಲ್ಲಿ ಉಳಿದದ್ದು ಒಂದೇ ಪದ. ಅಪ್ಪ ‘ಅಳಿಯಂದಿರೇ’ ಎನ್ನಲಿಲ್ಲ. ‘ಕಣಪ್ಪ’ ಎಂದಿದ್ದರು.

ಮೊದಲ ಬಹುಮಾನ ಕಪ್ಪೆಗಳ ಮರಿಯಯ್ಯನಿಗೆ ಹೋಯಿತು. ಹೊನ್ನಪ್ಪನಿಗೆ ಏನೂ ಬರಲಿಲ್ಲ, ಅವನು ಅದನ್ನು ಗಮನಿಸಲೂ ಇಲ್ಲ. ಮನೆಯವರೆಲ್ಲ ಬಸ್ ನಿಲ್ದಾಣಕ್ಕೆ ನಡೆದರು. ಕಿರಂಗೂರು, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುವ ಕೊನೆಯ ಬಸ್ಸು ನಿಂತಿತ್ತು. ಹೊನ್ನಪ್ಪ ಮಾವನ ಮುಂದೆ ಮೊಪೆಡ್ಡು ಹಿಡಿದು, ಅದರ ಕನ್ನಡಿ ಉಜ್ಜುತ್ತಾ ನಿಂತ.

“ನೀನು ಮುಂದೆ ಹೋಗಿ ನಿಮ್ಮಮ್ಮನಿಗೆ ಹೇಳು,” ಎಂದರು ನಂಜಪ್ಪನವರು. “ನನಗೆ ಹಸಿವಾಗ್ತಿದೆ.”

ಬಸ್ಸಿನಲ್ಲಿ ಕಂಡಕ್ಟರು ಕೇಳುವ ಮೊದಲೇ, “ಎರಡು ಕಿರಂಗೂರು,” ಎಂದರು. ಪ್ರಮೀಳಾಳಿಗೆ ಹೊಸ ಚಿಂತೆ ಹತ್ತಿತು. ಮನೆಯಲ್ಲಿ ಇರುವುದು ಬೆಳಗಿನ ಸೊಪ್ಪಿನ ಬಸ್ಸಾರು. ಇಷ್ಟು ಹೊತ್ತಿನಲ್ಲಿ ಕೋಳಿ ಎಲ್ಲಿ ತರುವುದು? ಅಪ್ಪ ಏನಂದುಕೊಳ್ಳುತ್ತಾರೆ? ಪಕ್ಕದಲ್ಲಿ ನೋಡಿದರೆ ಅಪ್ಪ, ಮಗು ಇಬ್ಬರೂ ತೂಕಡಿಸುತ್ತಿದ್ದರು.

ಮನೆ ತಲುಪುವಾಗ ಪುಟ್ಟತಾಯಮ್ಮನ ದನಿ ಬೀದಿಗೇ ಕೇಳುತ್ತಿತ್ತು.

“ನಲ್ಲಿ ಮೂಳೆ ಡ್ರೈವರ್ಗೆ ಇಕ್ದೇನ್ಲಾ? ಮೂದೇವಿ! ಎರಡು ವರ್ಷ ಬಾಯಲ್ಲೇನ್ ಮುದ್ದೆ ಇಟ್ಕೊಂಡಿದ್ದಾ?” ಬೀಗರನ್ನು ಕಂಡದ್ದೇ ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿದರು. “ಬನ್ನಿ ಬೀಗ್ರೇ, ಕೈಕಾಲ್ ತೊಳ್ಕೊಳಿ. ಬಸ್ಸಾರು, ಮುದ್ದೆ ಅಷ್ಟೇಯ. ತಪ್ಪು ತಿಳ್ಕೋಬ್ಯಾಡಿ.”

ನಂಜಪ್ಪನವರು ಮಣೆಯ ಮೇಲೆ ಕೂತರು. ಹೊನ್ನಪ್ಪ ತಟ್ಟೆಯಿಟ್ಟು, ಮುದ್ದೆಯಿಟ್ಟು, ಸಾರು ಬಿಟ್ಟ. ಅವರು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ನುಂಗಿದರು. ಮೊದಲ ಮುದ್ದೆ ಮುಗಿಯಿತು.

“ಇನ್ನರ್ಧ ಹಾಕಪ್ಪ,” ಎಂದರು.

“ಅರ್ಧ ಮುದ್ದೆ ಕಟ್ಟಿ ನಂಗ್ ಗೊತ್ತಿಲ್ಲ ಬೀಗ್ರೇ,” ಎನ್ನುತ್ತಾ ಪುಟ್ಟತಾಯಮ್ಮ ಒಲೆಯ ಕಡೆಯಿಂದ ಬಿಸಿಬಿಸಿಯಾದ ಇಡೀ ಮುದ್ದೆಯನ್ನು ಮಗನ ಕೈಗೆ ಕೊಟ್ಟರು.