ಮೂರನೆಯ ಸಿಲಿಂಡರಿನ ಸದ್ದು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಉಡುಪಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದೆ. ಕಾರು ಅಂಬಲಪಾಡಿಯ ಒಬ್ಬ ಧನಿಗಳದ್ದು. ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ವಿಲಾಯತಿ ಗಾಡಿ. ಅದರ ಪೆಟ್ರೋಲ್ ಎಂಜಿನ್ ತೆಗೆದು ಹಳೆಯ ಡೀಸೆಲ್ ಎಂಜಿನ್ ಕೂರಿಸಿದ್ದರು. ಮೊದಲೇ ಗದ್ದಲದ ಗಾಡಿ. ಆದರೂ ಒಂದು ದಿನ ಮಣಿಪಾಲದ ಏರಿನಲ್ಲಿ ನನಗೆ ಬೇರೊಂದು ಸದ್ದು ಕೇಳಿಸಿತು. ಕೆಳಗಿನಿಂದ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಸಮ ರಸ್ತೆಯಲ್ಲಿ ಕಡಿಮೆಯಾಗುತ್ತಿತ್ತು, ಏರು ಬಂದರೆ ಮತ್ತೆ ಜೋರು.

ಪೇಟೆಯ ಅಂಚಿನಲ್ಲಿ ಗ್ಯಾರೇಜು ಇಟ್ಟಿದ್ದ ಗೆಳೆಯನ ಹತ್ತಿರ ಹೋದೆ. ಎಂಜಿನ್ನಿನ ಮಾತು ಕೇಳಲು ನನಗೆ ಕಲಿಸಿದವನೇ ಅವನು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಎಂಜಿನ್ನಿಗೆ ತಾಗಿಸಿ ಕಣ್ಣು ಮುಚ್ಚಿದ. ಆಮೇಲೆ ಸಿಲಿಂಡರುಗಳಿಗೆ ಹೋಗುವ ಡೀಸೆಲ್ ಪೈಪುಗಳನ್ನು ಒಂದೊಂದಾಗಿ ಸಡಿಲಿಸಿದ. ಮೂರನೆಯದನ್ನು ಸಡಿಲಿಸಿದಾಗ ಕುಟ್ಟುವುದು ನಿಂತಿತು. ಡೀಸೆಲ್ ಚಿಮ್ಮಿಸುವ ನೋಝಲಿನ ದೋಷ ಇರಬಹುದೇ ಎಂದು ಎರಡನೆಯದರ ನೋಝಲನ್ನು ಮೂರನೆಯದಕ್ಕೆ ಹಾಕಿ ನೋಡಿದೆವು. ಸದ್ದು ಜಾಗ ಬಿಡಲಿಲ್ಲ. ಕೊನೆಗೆ ಆಯಿಲ್ ಇಳಿಸಿದರೆ ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು.

“ಬೇರಿಂಗ್ ಹೋಗಿದೆ ಮಾರಾಯ. ಓಡಿಸಿದರೆ ಪಿಸ್ಟನ್ನಿನ ರಾಡ್ ಮುರಿಯುತ್ತದೆ,” ಎಂದ.

ಸಂಜೆ ಧನಿಗಳು ಬಂದರು. ಮದುವೆಯ ದಿನಗಳು, ಗಾಡಿ ನಿಲ್ಲಿಸಲು ಅವರಿಗೆ ಮನಸ್ಸಿಲ್ಲ. ನಾನು ಎಲ್ಲ ವಿವರಿಸಿದೆ. ಅವರು ನನ್ನ ಮುಖ ನೋಡದೆ ಗೆಳೆಯನನ್ನು ಕೇಳಿದರು. ಅವನ ಗ್ಯಾರೇಜು ನಿಂತದ್ದು ಅವರ ಜಾಗದಲ್ಲಿ. ಬಟ್ಟೆಯ ತುಂಡಿನಲ್ಲಿ ಕೈ ಒರೆಸುತ್ತಾ ಅವನು ಹೇಳಿದ, “ಡೀಸೆಲ್ ಅಲ್ವಾ ಧನಿಗಳೇ, ಸ್ವಲ್ಪ ಸದ್ದು ಉಂಟು. ನೋಝಲ್ ಕ್ಲೀನ್ ಮಾಡಿದರೆ ಸಾಕು.”

ನಾನು ಅವನನ್ನೇ ನೋಡಿದೆ. ಅವನು ತಲೆ ಎತ್ತದೆ ನೋಝಲ್ ಬಿಚ್ಚತೊಡಗಿದ. ಮರುದಿನ ನಾನು ಗಾಡಿಯನ್ನು ಮತ್ತೆ ಸ್ಟ್ಯಾಂಡಿಗೆ ತಂದೆ.

ನಾಲ್ಕನೆಯ ದಿನ ಬೆಳಿಗ್ಗೆ ಒಬ್ಬರು ಟೀಚರ್ ಓಡುತ್ತಾ ಬಂದರು. ನಡುವಯಸ್ಸಿನ ಕ್ರಿಶ್ಚಿಯನ್ ಹೆಂಗಸು. ಅಜೆಕಾರಿನಲ್ಲಿ ತಾಯಿಗೆ ಕಾಯಿಲೆ ತೀರಾ ಜೋರಾಗಿದೆ, ಮಗಳನ್ನು ಕೇಳುತ್ತಿದ್ದಾರೆ ಎಂದು ಸುದ್ದಿ ಬಂದಿತ್ತಂತೆ. ಸ್ಟ್ಯಾಂಡಿನಲ್ಲಿ ಇನ್ನೊಂದು ಕಾರೂ ಇತ್ತು. ಅದನ್ನು ತೋರಿಸಬಹುದಿತ್ತು. ಆದರೂ ನನ್ನ ಗಾಡಿಗೇ ಹತ್ತಿಸಿಕೊಂಡೆ.

ಪರ್ಕಳ ದಾಟಿದೆವು. ಹಿಂದಿನ ಸೀಟಿನಲ್ಲಿ ಅವರು ಕೊಂಕಣಿಯಲ್ಲಿ ಮೆಲ್ಲಗೆ ಪ್ರಾರ್ಥಿಸುತ್ತಿದ್ದರು. ನನಗೆ ಅದಕ್ಕಿಂತ ಹೆಚ್ಚಾಗಿ ಕೆಳಗಿನ ಕುಟ್ಟು ಕೇಳಿಸುತ್ತಿತ್ತು. ಹಿರಿಯಡ್ಕ ಕಳೆದು ಒಂದು ಏರಿನಲ್ಲಿ ಭಾರೀ ಶಬ್ದವಾಯಿತು. ಎಂಜಿನ್ನಿನ ಮಗ್ಗುಲು ಒಡೆದು ರಸ್ತೆಯ ಮೇಲೆಲ್ಲಾ ಕಪ್ಪು ಎಣ್ಣೆ ಚೆಲ್ಲಿತು.

ಬೇರೆ ವಾಹನವಿಲ್ಲ. ಅವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಲು ಹೊರಟರು, ನಾಲ್ಕು ಹೆಜ್ಜೆ ಹೋಗಿ ತಿರುಗಿದರು.

“ಗಾಡಿ ಹಾಳಾಗಿದೆ ಎಂದು ನಿಮಗೆ ಮೊದಲೇ ಗೊತ್ತಿತ್ತಾ?”

“ಇಲ್ಲ ಟೀಚರ್. ಗೊತ್ತಿದ್ದರೆ ಗಾಡಿ ತೆಗೆಯುತ್ತಿದ್ದೆನಾ?”

ಅವರು ನಂಬಿದರು. ನಿಮ್ಮದೇನು ತಪ್ಪು ಎಂದು ನನಗೇ ಸಮಾಧಾನ ಹೇಳಿ ಹೋದರು. ಬಸ್ಸು ಬಂದದ್ದು ಬಹಳ ಹೊತ್ತಿನ ಮೇಲೆ. ಅವರು ಮನೆ ಮುಟ್ಟುವಷ್ಟರಲ್ಲಿ ತಾಯಿಯ ಕಣ್ಣು ಮುಚ್ಚಿಯಾಗಿತ್ತು ಎಂದು ಮರುದಿನ ತಿಳಿಯಿತು.

ಎಂಜಿನ್ ಬಿಚ್ಚಿದಾಗ ಮೂರನೆಯ ಬೇರಿಂಗ್ ಚೂರುಚೂರಾಗಿತ್ತು. ಡ್ರೈವರ್ ಆಯಿಲ್ ನೋಡದೆ ಓಡಿಸಿದ್ದಾನೆ ಎಂದು ಧನಿಗಳು ಸ್ಟ್ಯಾಂಡಿನಲ್ಲೆಲ್ಲ ಹೇಳಿದರು. ಕೇಳಿದವರಿಗೆ ಗೆಳೆಯನೂ ಹೌದು ಎಂದನಂತೆ. ಉಡುಪಿಯಲ್ಲಿ ನನ್ನ ಕೈಗೆ ಯಾರೂ ಗಾಡಿ ಕೊಡಲಿಲ್ಲ. ಕಾಪುವಿನಲ್ಲಿ ಮೀನಿನ ಲಾರಿಗೆ ಸೇರಿಕೊಂಡೆ.

ಕೆಲವು ವರ್ಷಗಳ ನಂತರ ಅಲ್ಲಿನ ಹೋಟೆಲಿನಲ್ಲಿ ಗೆಳೆಯ ನನ್ನ ಎದುರು ಬಂದು ಕುಳಿತ. ಆ ದಿನ ಬೇರೆ ದಾರಿ ಇರಲಿಲ್ಲ, ಧನಿಗಳು ಗ್ಯಾರೇಜು ಎಬ್ಬಿಸಿಬಿಡುತ್ತಿದ್ದರು ಎಂದ. ನಾನು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅವನನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಆ ಟೀಚರನ್ನು ಆಮೇಲೆ ಎರಡು ಸಲ ಕಾರ್ಕಳದ ಪೇಟೆಯಲ್ಲಿ ಕಂಡಿದ್ದೇನೆ. ಎರಡು ಸಲವೂ ಅವರೇ ನಕ್ಕು ಹೇಗಿದ್ದೀರಿ ಎಂದು ಕೇಳಿದರು. ಚೆನ್ನಾಗಿದ್ದೇನೆ ಎಂದೆ. ಗಾಡಿ ಹಾಳಾದದ್ದು ನನಗೆ ಮೊದಲೇ ಗೊತ್ತಿತ್ತು ಎಂದು ಇವತ್ತಿಗೂ ಹೇಳಿಲ್ಲ.